ಸುಧಾ ದಾಟಿದ ರಸ್ತೆ

ಹೊಸಪೇಟೆ ಬಸ್ ಸ್ಟ್ಯಾಂಡ್

ಅಮೆರಿಕಕ್ಕೆ ಹೋಗಿ ಬಂದವರು ಮೊದಲು ವಿಮಾನದ ಸುದ್ದಿ ಹೇಳುತ್ತಾರೆ. ನಾನು ಅದನ್ನು ಬಿಟ್ಟುಬಿಡುತ್ತೇನೆ. ಕಾಲು ಊದಿಕೊಂಡವು, ಊಟ ಸಪ್ಪೆ, ಪಕ್ಕದವನು ಗೊರಕೆ ಹೊಡೆದ, ಅಷ್ಟೇ. ಜಲಪಾತ ನೋಡಿದಿರಾ, ಸಮುದ್ರದಲ್ಲಿ ನಿಂತ ಆ ದೊಡ್ಡ ಪ್ರತಿಮೆ ನೋಡಿದಿರಾ ಎಂದು ನಮ್ಮ ಶಾಲೆಯವರೆಲ್ಲ ಕೇಳಿ ಕೇಳಿ ಸುಸ್ತಾದರು. ನೋಡಲಿಲ್ಲ. ಒಂದೂವರೆ ತಿಂಗಳಲ್ಲಿ ನಾನು ನೋಡಿದ್ದು ಒಂದು ಬಡಾವಣೆ, ಅದರ ಹಿಂದಿನ ಒಂದು ರಸ್ತೆ, ಆ ರಸ್ತೆಯ ಬದಿಗೆ ನೆಟ್ಟ ಒಂದು ಕಬ್ಬಿಣದ ಕಂಬ.

ನಾನು ಕಡ್ಡಿರಾಂಪುರದ ಶಾಲೆಯಲ್ಲಿ ಟೀಚರ್. ಇಪ್ಪತ್ತೆರಡು ವರ್ಷದಿಂದ ಹೊಸಪೇಟೆಯಿಂದ ಹಂಪಿ ಬಸ್ಸು ಹಿಡಿದು ಹೋಗಿ ಬರುತ್ತೇನೆ. ಬಾಯಿ ಸ್ವಲ್ಪ ಜೋರು ಎಂದು ಹೆಸರಿದೆ. ನನ್ನ ತಂಗಿ ಸುಧಾ ನನಗಿಂತ ಆರು ವರ್ಷ ಚಿಕ್ಕವಳು. ಅವಳ ಗಂಡ ಗುರುರಾಜ ಸಂಡೂರಿನ ಗಣಿಯಲ್ಲಿ ಮಣ್ಣು ಅಗೆಯುವ ದೊಡ್ಡ ಯಂತ್ರಗಳನ್ನು ರಿಪೇರಿ ಮಾಡಿಕೊಂಡಿದ್ದವನು. ಆ ಯಂತ್ರ ಮಾಡುವವರೇ ಅವನ ಕೈಚಳಕ ನೋಡಿ ಒಹಾಯೊದ ತಮ್ಮ ಕಾರ್ಖಾನೆಗೆ ಕರೆಸಿಕೊಂಡರು. ಇಬ್ಬರೂ ಹೋಗಿ ಐದು ವರ್ಷವಾಯಿತು. ಮಕ್ಕಳಿಲ್ಲ.

ಮಾರ್ಚ್ ತಿಂಗಳಲ್ಲಿ ಸುಧಾಳಿಗೆ ಕಾರು ಹೊಡೆಯಿತು. ಸೊಂಟದ ಎಲುಬು ಮುರಿದು, ಒಳಗೆ ರಾಡು ಹಾಕಿದರು. ಗುರುರಾಜ ಫೋನಿನಲ್ಲಿ ಏನನ್ನೋ ನುಂಗಿಕೊಂಡು ಮಾತಾಡುತ್ತಿದ್ದ. ಶಾಲೆಗೆ ಬೇಸಿಗೆ ರಜೆ ಬಿದ್ದ ವಾರವೇ ನಾನು ಹೊರಟೆ. ವೀಸಾ ಹಿಂದೊಮ್ಮೆ ಹೋಗುವ ಆಸೆಯಲ್ಲಿ ಮಾಡಿಸಿಟ್ಟದ್ದು ಹಾಗೇ ಇತ್ತು.

ಹೊರಟ ದಿನ ಹೊಸಪೇಟೆಯಲ್ಲಿ ಕೆಂಡದಂಥ ಬಿಸಿಲು. ನಮ್ಮವರು ಸೂಟ್‌ಕೇಸ್ ಎಳೆದುಕೊಂಡು ಹಿಂದೆ, ನಾನು ಎಡಗೈಯಲ್ಲಿ ಬ್ಯಾಗು, ಬಲಗೈ ಅಡ್ಡ ಚಾಚಿಕೊಂಡು ಮುಂದೆ, ಬಸ್ ಸ್ಟ್ಯಾಂಡಿನ ಎದುರು ರಸ್ತೆ ದಾಟಿದೆವು. ಅದಿರು ಲಾರಿಯವನೊಬ್ಬ ವೇಗ ತಗ್ಗಿಸಿ, ಸ್ಟೀರಿಂಗ್ ಮೇಲಿಂದ ಕೈ ಎತ್ತಿ ಹೋಗಿ ಎಂದ. ಹೋದೆವು. ಹುಟ್ಟಿದಾಗಿನಿಂದ ದಾಟುವುದೇ ಹಾಗೆ, ಅದನ್ನೊಂದು ವಿಷಯವೆಂದು ಯಾರು ನೆನಪಿಡುತ್ತಾರೆ?

ಏರ್‌ಪೋರ್ಟಿನಿಂದ ಮನೆಗೆ

ಕರೆದೊಯ್ಯಲು ಬಂದ ಗುರುರಾಜ ಸೊರಗಿಹೋಗಿದ್ದ. ಕಾಲರ್ ಒಳಗೆ ಕುತ್ತಿಗೆ ಕಡ್ಡಿಯಾಗಿತ್ತು. ಮುಕ್ಕಾಲು ಗಂಟೆ ಕಾರು ಓಡಿಸಿದರೂ ನನ್ನ ಪ್ರಯಾಣದ ಬಗ್ಗೆ ಮಾತ್ರ ಕೇಳಿದ. ರಸ್ತೆಯ ಎರಡೂ ಕಡೆ ಹುಲ್ಲು, ಅಂಗಡಿಗಳ ಬೋರ್ಡು, ಮತ್ತೆ ಹುಲ್ಲು. ಎಷ್ಟು ದೂರ ಬಂದರೂ ಕಾಲ ಮೇಲೆ ನಡೆಯುವ ಒಂದು ನರಪಿಳ್ಳೆಯೂ ಕಾಣಲಿಲ್ಲ. ಏನೋ ಬಂದ್ ಕರೆದಿದ್ದಾರೆ ಎಂದುಕೊಂಡೆ.

ಮನೆ ಹತ್ತಿರ ಬಂದಾಗ ಅವನು ಕಾರನ್ನು ಬದಿಗೆ ನಿಲ್ಲಿಸಿದ. ಎದುರು ನೋಡುತ್ತಲೇ ಮಾತಾಡಿದ.

"ಅಕ್ಕಾರ, ನಿಮ್ಮನ್ನ ಒಂದು ಮಾತು ಕೇಳಬೇಕು. ಆಕಿ ಬೇಕಂತನ ಕಾರಿಗೆ ಅಡ್ಡ ಹೋದಳೇನು?"

ನನಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಅವನ ಮುಖಕ್ಕೆ ಬಾರಿಸಬೇಕು ಎನ್ನಿಸಿತು. ಅವನು ಒಂದೊಂದಾಗಿ ಹೇಳಿದ. ಬೆಳಿಗ್ಗೆ ಹತ್ತು ಗಂಟೆಗೆ, ಗಂಡನಿಗೆ ಒಂದು ಮಾತೂ ಹೇಳದೆ, ಯಾರೂ ನಡೆಯದ ಹಿಂದಿನ ರಸ್ತೆಗೆ ಅವಳು ಒಬ್ಬಳೇ ಹೋಗಿದ್ದಳು. ಯಾಕೆ ಎಂದು ಕೇಳಿದರೆ ಇವತ್ತಿಗೂ ಹೇಳುವುದಿಲ್ಲ. ಕಾರು ಓಡಿಸುತ್ತಿದ್ದ ಹೆಂಗಸು ಪೊಲೀಸರಿಗೆ ಹೇಳಿದ್ದು ಇಷ್ಟು: ಆಕೆ ನನ್ನ ಕಡೆ ಕೈ ಬೀಸಿದಳು, ಆಮೇಲೆ ನೇರ ಕಾರಿನ ಮುಂದೆ ನಡೆದು ಬಂದಳು. ಆಸ್ಪತ್ರೆಯವರು ಸುಧಾಳನ್ನು ಮಾತಾಡಿಸಲು ಮನಸ್ಸಿನ ಡಾಕ್ಟರೊಬ್ಬರನ್ನು ಎರಡು ಸಲ ಕಳಿಸಿದ್ದರು.

"ಟಾಟಾ ಮಾಡಿ ಹೊಂಟಾಳ ಅಕ್ಕಾರ. ನನಗ ಹಂಗ ಅನಸ್ತದ. ನೀವ ಕೇಳಿ ನೋಡ್ರಿ. ನನ್ನ ಮುಂದ ಬಾಯಿ ಬಿಡವಲ್ಲಳು."

ಅವನ ಗಲ್ಲದ ಮೇಲೆ ನೀರಿಳಿಯುತ್ತಿತ್ತು. ಬಯ್ಯಲು ತೆರೆದ ಬಾಯಿ ಮುಚ್ಚಿಕೊಂಡೆ. ನನ್ನ ಅಮೆರಿಕ ಪ್ರವಾಸಕ್ಕೆ ಆ ಕಾರಿನಲ್ಲಿ ಒಂದೇ ಕೆಲಸ ನಿಕ್ಕಿಯಾಯಿತು. ನನ್ನ ತಂಗಿ ಸಾಯಲು ಹೊರಟಿದ್ದಳೋ ಇಲ್ಲವೋ ಎಂದು ತಿಳಿದುಕೊಳ್ಳಬೇಕಿತ್ತು.

ಬೆಟ್ಟವಿಲ್ಲದ ಬಡಾವಣೆ

ಬಡಾವಣೆಯ ಹೆಸರಿನಲ್ಲಿ ಬೆಟ್ಟವೂ ಇತ್ತು, ಹೊಳೆಯೂ ಇತ್ತು. ಕಣ್ಣಿಗೆ ಎರಡೂ ಬೀಳಲಿಲ್ಲ. ಬೂದು ಬಣ್ಣದ ಮನೆಗಳು, ಪ್ರತಿ ಮನೆಗೂ ಬಾಗಿಲಿಗಿಂತ ದೊಡ್ಡದಾದ ಕಾರಿನ ಬಾಗಿಲು. ಬೆಳಿಗ್ಗೆ ಆ ಬಾಗಿಲು ಮೇಲೇಳುತ್ತದೆ, ಕಾರು ಹೊರಗೆ ಬರುತ್ತದೆ, ಬಾಗಿಲು ಕೆಳಗಿಳಿಯುತ್ತದೆ. ಸಂಜೆ ಅದೇ ಕಾರು ಒಳಗೆ ಹೋಗುತ್ತದೆ. ಒಳಗಿದ್ದವರ ಮುಖ ಕಾಣುವಷ್ಟರಲ್ಲಿ ಬಾಗಿಲು ನೆಲ ಮುಟ್ಟಿರುತ್ತದೆ. ಎಡಗಡೆ ಮನೆಯವರ ಹೆಸರೇನು ಎಂದು ಕೇಳಿದೆ. ಐದು ವರ್ಷ ಪಕ್ಕದಲ್ಲಿದ್ದೂ ಸುಧಾಳಿಗೆ ಗೊತ್ತಿರಲಿಲ್ಲ, ನಾಯಿಯ ಹೆಸರು ಮಾತ್ರ ಗೊತ್ತಿತ್ತು.

ಒಂದು ಮಾತು ಹೇಳಬೇಕು, ಆ ಮಂದಿ ಒರಟರಲ್ಲ. ಕಾರಿನಲ್ಲಿ ಹೋಗುವವರು ಕಿಟಕಿಯಲ್ಲಿ ನಿಂತ ನನ್ನನ್ನು ಕಂಡರೂ ಸ್ಟೀರಿಂಗ್ ಮೇಲಿಂದ ಕೈ ಎತ್ತುತ್ತಾರೆ. ಮೊದಲ ದಿನ ಯಾರೋ ಗುರುತಿನವರು ಎಂದುಕೊಂಡೆ. ಹಾಗಲ್ಲ, ಅದು ಇಲ್ಲಿಯ ನಮಸ್ಕಾರ ಎಂದು ಗುರುರಾಜ ಹೇಳಿದ. ಹೊಸಪೇಟೆಯಲ್ಲಿ ಗುರುತಿಲ್ಲದ ಹೆಂಗಸಿಗೆ ಯಾವನಾದರೂ ಹೀಗೆ ಕೈ ಎತ್ತಿದರೆ ಚಪ್ಪಲಿ ಕೈಗೆ ಬರುತ್ತಿತ್ತು. ಎರಡನೆಯ ವಾರಕ್ಕೆ ನಾನೂ ಎತ್ತಲು ಶುರುಮಾಡಿದೆ. ದಿನಕ್ಕೆ ನನಗೆ ಸಿಗುತ್ತಿದ್ದ ಹೊರಗಿನವರ ಮಾತುಕತೆ ಅದೊಂದೇ.

ಸುಧಾ ವಾಕರ್ ಹಿಡಿದು ಅಡುಗೆಮನೆಯಿಂದ ಹಾಲ್‌ವರೆಗೆ ನಡೆಯುತ್ತಿದ್ದಳು. ಕೂದಲು ಅರ್ಧ ಬೆಳ್ಳಗಾಗಿತ್ತು. ಹೊರಗೆ ಬಾ, ಅಂಚೆ ಪೆಟ್ಟಿಗೆಯವರೆಗೆ ಹೋಗಿ ಬರೋಣ ಎಂದರೆ ತಲೆ ಅಲ್ಲಾಡಿಸುತ್ತಿದ್ದಳು. ನಡೆಯದಿದ್ದರೆ ಆ ಕಾಲು ಹಾಗೇ ಸೆಟೆದುಕೊಳ್ಳುತ್ತದೆ ಎಂದು ಡಾಕ್ಟರು ಹೇಳಿದ್ದರು. ಅವಳಿಗೆ ಹೆದರಿಕೆ ಕಾರಿನದಲ್ಲ ಎಂದು ನನಗೆ ಬೇಗ ಗೊತ್ತಾಯಿತು.

ಇವಳು ನನ್ನ ಸುಧಾ ಹೌದೇ ಎಂದು ಅನುಮಾನ ಬಂತು. ಊರಿನಲ್ಲಿದ್ದಾಗ ಒಂದು ದಿನ ಮನೆಯಲ್ಲಿ ಕೂತವಳಲ್ಲ. ಕಂಪ್ಲಿಯಲ್ಲಿ ನಮ್ಮ ಅತ್ತೆಯ ಮನೆಗೆ ಹೊರಟಳೆಂದರೆ ಡ್ರೈವರಿಗೆ ಹೇಳಿ ಅತ್ತೆಯ ಬಾಳೆತೋಟದ ಮುಂದೆಯೇ ಬಸ್ಸು ನಿಲ್ಲಿಸಿ ಇಳಿಯುತ್ತಿದ್ದಳು. ಹಂಪಿ ಬಜಾರಿಗೆ ಸುಮ್ಮನೆ ಹೋಗಿ, ಗುಡಿಯ ಮುಂದೆ ಕೂತು, ಸೀಟು ಹಿಡಿದು ಕೊಟ್ಟವರು ಯಾರು, ಜಗಳವಾಡಿದವರು ಯಾರು ಎಂದು ಬಸ್ಸಿನ ಸುದ್ದಿಯನ್ನೆಲ್ಲ ಹೊತ್ತು ತರುತ್ತಿದ್ದಳು. ಇಲ್ಲಿ ಕಾರಿಲ್ಲದೆ ಕೊತ್ತಂಬರಿ ಸೊಪ್ಪೂ ಸಿಗುವುದಿಲ್ಲ. ಅವಳು ಮೂರು ಸಲ ಡ್ರೈವಿಂಗ್ ಪರೀಕ್ಷೆಗೆ ಹೋಗಿ ಮೂರು ಸಲವೂ ಫೇಲಾಗಿದ್ದಳು. ಶನಿವಾರ ಗುರುರಾಜ ಕರೆದುಕೊಂಡು ಹೋದರೆ ಹೋದಳು, ಇಲ್ಲವಾದರೆ ಇಲ್ಲ.

ಇನ್ನೂರು ಹೆಜ್ಜೆಗೆ ಒಂದು ಕಾರು

ಮೂರನೆಯ ದಿನ ತಲೆ ಚಿಟ್ಟು ಹಿಡಿದು ನಾನೇ ಹೊರಗೆ ಬಿದ್ದೆ. ಬೀದಿಗಳೆಲ್ಲ ಸುತ್ತಿ ಸುತ್ತಿ ಒಂದು ಗುಂಡನೆಯ ಜಾಗದಲ್ಲಿ ಮುಗಿಯುತ್ತವೆ. ಅಲ್ಲಿಂದ ಮುಂದೆ ದಾರಿಯಿಲ್ಲ, ಬೇಲಿ. ಸುಧಾಳ ಹಿತ್ತಿಲ ಬೇಲಿಯ ಆಚೆ ದೊಡ್ಡ ರಸ್ತೆಯ ಸದ್ದು ಕೇಳುತ್ತದೆ. ಬೇಲಿ ಹಾರಿದರೆ ಎರಡು ನಿಮಿಷ, ನಡೆದು ಸುತ್ತಿ ಬಂದರೆ ಮುಕ್ಕಾಲು ಗಂಟೆ. ಯಾವ ಪುಣ್ಯಾತ್ಮ ಈ ನಕ್ಷೆ ಬರೆದನೋ, ಅವನಿಗೆ ಕಾಲುಗಳಿರಲಿಲ್ಲ.

ನಡೆಯುವಾಗ ಮೂರು ಕಾರುಗಳು ನನ್ನ ಪಕ್ಕ ನಿಂತವು. ಏನಾದರೂ ತೊಂದರೆಯಾ, ಕಾರು ಕೆಟ್ಟಿತಾ ಎಂದು ಮೂವರೂ ಕೇಳಿದರು. ವಾಕಿಂಗ್ ಎಂದರೆ ನನ್ನ ಚಪ್ಪಲಿ, ಸೀರೆ ನೋಡಿ ನಂಬಲಿಲ್ಲ. ಕೊನೆಗೆ ನಾನು ದಾರಿ ತಪ್ಪಿ, ಸುಧಾಳದೇ ಎಂದು ಬೇರೆಯವರ ಮನೆಯ ಬಾಗಿಲ ಹಿಡಿ ತಿರುವಿದೆ. ಒಳಗಿನಿಂದ ನಾಯಿ ಮೈಮೇಲೆ ಬಂದಂತೆ ಬೊಗಳಿತು. ಹೊರಗೆ ಬಂದ ಗಂಡಸು ಪಾಪ ಹೆದರಿದ್ದ. ನಾನು ವಿಳಾಸ ತೋರಿಸಿದೆ. ಅವನು ಕಾರು ಹೊರಗೆ ತೆಗೆದು, ನನ್ನನ್ನು ಕೂಡಿಸಿಕೊಂಡು, ಸೀಟ್ ಬೆಲ್ಟ್ ಹಾಕಿಸಿ ಕರೆದುಕೊಂಡು ಹೊರಟ. ಸುಧಾಳ ಮನೆ ಅಲ್ಲಿಂದ ಇನ್ನೂರು ಹೆಜ್ಜೆಯೂ ಇರಲಿಲ್ಲ.

ಹಂಪಿಗೆ ಬರುವ ಬಿಳಿಯರು ಕಡ್ಡಿರಾಂಪುರದಲ್ಲಿ ಇಳಿದುಕೊಂಡು, ಮಾರ್ಚ್ ತಿಂಗಳ ಬಿಸಿಲಲ್ಲಿ ಮುಖ ಕೆಂಪು ಮಾಡಿಕೊಂಡು ಹಂಪಿಯವರೆಗೆ ನಡೆದು ಹೋಗುವುದನ್ನು ನಾನು ವರ್ಷಗಟ್ಟಲೆ ನೋಡಿದ್ದೇನೆ. ಆಟೋ ಇರಬೇಕಾದರೆ ಇವರಿಗೇನು ಬಂದಿದೆ ಎಂದು ಸ್ಟಾಫ್ ರೂಮಿನಲ್ಲಿ ನಗುತ್ತಿದ್ದೆವು. ಅವರು ಅಷ್ಟು ದೂರದಿಂದ ಬಂದು ಯಾಕೆ ನಡೆಯುತ್ತಾರೆ ಎಂದು ನನಗೆ ಆವತ್ತು ತಿಳಿಯಿತು.

ಮನೆಗೆ ಬಂದು ಈ ಕಥೆ ಹೇಳಿದಾಗ ಸುಧಾ ಹೊಟ್ಟೆ ಹಿಡಿದು ನಕ್ಕಳು. ಸೊಂಟ ನೋಯುತ್ತದೆ ನಗಿಸಬ್ಯಾಡ ಎಂದಳು. ನನಗೆ ಒಳಗೊಳಗೇ ಧೈರ್ಯ ಬಂತು. ಹೀಗೆ ನಗುವವಳು ಸಾಯಲು ಹೋಗುತ್ತಾಳೆಯೇ? ಮರುದಿನ ಬೆಳಿಗ್ಗೆ ನೋಡಿದರೆ ಮತ್ತೆ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಕಾಫಿ ಆರಿಹೋಗಿತ್ತು.

ಕೋಟಿನ ಜೇಬು

ಮೇ ಶುರುವಾದರೂ ಅಲ್ಲಿ ಬೆಳಿಗ್ಗೆ ಚಳಿ. ನನ್ನ ಶಾಲು ಸಾಕಾಗದೆ ಸುಧಾಳ ಕೆಂಪು ಕೋಟು ತೆಗೆದು ಹಾಕಿಕೊಂಡೆ. ಅಪಘಾತದ ದಿನ ಅವಳ ಮೈಮೇಲಿದ್ದು, ಆಸ್ಪತ್ರೆಯವರು ಒಂದು ಚೀಲದಲ್ಲಿ ಕೊಟ್ಟು ಕಳಿಸಿದ ಕೋಟು ಅದು. ಒಗೆದು ಮೂಲೆಯಲ್ಲಿ ನೇತುಹಾಕಿದ್ದರು. ಒಳಜೇಬಿಗೆ ಕೈ ಹಾಕಿದರೆ ಮಡಿಸಿದ ಚೀಟಿಗಳ ಗಂಟು ಸಿಕ್ಕಿತು. ಒಗೆದು ಗಟ್ಟಿಯಾಗಿದ್ದರೂ ಮೇಲೆ ಬಸ್ಸಿನ ಚಿತ್ರ ಕಾಣುತ್ತಿತ್ತು. ಮೂವತ್ತು ವರ್ಷ ಬಸ್ಸಿನಲ್ಲಿ ತಿರುಗಿದವಳಿಗೆ ಟಿಕೆಟ್ ಗುರುತು ಹತ್ತುವುದಿಲ್ಲವೇ?

ಅವಳ ಮುಂದೆ ಮೇಜಿನ ಮೇಲೆ ಇಟ್ಟೆ. ಅವಳು ಗಂಟನ್ನು ಎತ್ತಿಕೊಂಡು, ಅಂಟಿದ ಚೀಟಿಗಳನ್ನು ಉಗುರಿನಿಂದ ಬಿಡಿಸತೊಡಗಿದಳು. ಬಿಡಿಸುತ್ತಲೇ ಹೇಳಿದಳು.

ಹಿಂದಿನ ರಸ್ತೆಯಲ್ಲಿ ಗಂಟೆಗೊಂದು ಬಸ್ಸು ಹೋಗುತ್ತದಂತೆ. ಎರಡು ವರ್ಷದ ಹಿಂದೆ ಕಂಡುಹಿಡಿದಿದ್ದಳು. ಗುರುರಾಜ ಕೆಲಸಕ್ಕೆ ಹೋದ ಮೇಲೆ ಮುಕ್ಕಾಲು ಗಂಟೆ ನಡೆದು, ಬಸ್ಸು ಹತ್ತಿ, ಅದು ಹೋಗುವಷ್ಟು ದೂರ ಹೋಗಿ, ಇಳಿಯದೆ ಅದೇ ಬಸ್ಸಿನಲ್ಲಿ ವಾಪಸ್ಸು ಬರುತ್ತಿದ್ದಳು. ಎಲ್ಲಿಗೂ ಹೋಗುವುದಿರಲಿಲ್ಲ.

"ಸುಮ್ನ ಅಕ್ಕ. ಬಸ್ಸಿನಾಗ ಮಂದಿ ಇರ್ತಾರಲ್ಲ."

ಐದಾರು ಜನ ಅಷ್ಟೇ. ಆಸ್ಪತ್ರೆಯಲ್ಲಿ ನೆಲ ಒರೆಸುವ ಒಬ್ಬ ಹೆಂಗಸು, ದಿನಾ ತನ್ನ ನಾಯಿಯ ಫೋಟೋ ತೋರಿಸುವ ಒಬ್ಬ ಮುದುಕ. ಅವಳು ಹತ್ತಿದ ಕೂಡಲೇ ಡ್ರೈವರು ಗುಡ್ ಮಾರ್ನಿಂಗ್ ಹೇಳುತ್ತಿದ್ದನಂತೆ. ಅಲ್ಲಿ ಕಾರಿಲ್ಲದವರು ಮಾತ್ರ ಬಸ್ಸು ಹತ್ತುತ್ತಾರೆ. ತನ್ನ ಹೆಂಡತಿ ಬಸ್ಸಿನಲ್ಲಿ ಸುತ್ತುತ್ತಾಳೆಂದು ಕಾರ್ಖಾನೆಯಲ್ಲಿ ಗೊತ್ತಾದರೆ ಗುರುರಾಜನಿಗೆ ನಾಚಿಕೆಯಾದೀತೆಂದು ಅವಳು ಹೇಳಿರಲಿಲ್ಲ. ನನ್ನ ಕಣ್ಣು ತುಂಬಿದವು. ಊರಿಗೆ ಫೋನು ಮಾಡಿದಾಗಲೆಲ್ಲ ಆರಾಮದೀನಿ ಅಕ್ಕ, ಎಲ್ಲಾ ಮಸ್ತ್ ಅದ ಎನ್ನುತ್ತಿದ್ದಳು. ನಾನು ನಂಬಿದ್ದೆ.

ಆವತ್ತು ಏನಾಯಿತು ಎಂದು ಕೇಳಿದೆ. ಬೇಕಂತ ಹೋದೆಯಾ ಎಂದೂ ನೇರವಾಗಿಯೇ ಕೇಳಿದೆ. ಸುತ್ತುಬಳಸಿ ಕೇಳುವುದು ನನಗೆ ಬರುವುದಿಲ್ಲ.

"ನೆನಪಿಲ್ಲ ಅಕ್ಕ. ಆಚಿ ಕಡೆ ಕಂಬ ಕಾಣಸ್ತಿತ್ತು. ಆಮ್ಯಾಲೆ ಆಸ್ಪತ್ರಿ. ಎಲ್ಲಾರೂ ಹಂಗ ಕೇಳಿದ ಮ್ಯಾಲೆ ನನಗೂ ಅನಸ್ತದ, ನಾನ ಬೇಕಂತ ಹೋದ್ನೇನೋ."

ಅವಳು ಹೊರಗೆ ಹೋಗಲು ಹೆದರುತ್ತಿದ್ದುದು ಕಾರಿಗಲ್ಲ, ತನಗೇ.

ಕಂಬ

ಮರುದಿನ ಅಪಘಾತವಾದ ಹತ್ತು ಗಂಟೆಯ ಹೊತ್ತಿಗೇ, ಅದೇ ಕೆಂಪು ಕೋಟು ಹಾಕಿಕೊಂಡು ಹೊರಟೆ. ಬಡಾವಣೆಯ ಹೊರಗೆ ಬಂದರೆ ಕಾಲುದಾರಿ ಮುಗಿದೇ ಹೋಯಿತು. ಒಂದು ಕಡೆ ಚರಂಡಿ, ಇನ್ನೊಂದು ಕಡೆ ಕಾರುಗಳು, ನಡುವೆ ಒಂದು ಮಾರು ಒದ್ದೆ ಹುಲ್ಲು. ಆ ಹುಲ್ಲಿನಲ್ಲಿ ಒಬ್ಬರೇ ನಡೆದು ಸವೆಸಿದ ಒಂದು ಗೆರೆ ಕಂಡಿತು. ಎರಡು ವರ್ಷ ಸುಧಾ ನಡೆದ ದಾರಿ ಅದು. ಅದರ ಮೇಲೆ ಕಾಲಿಡಲು ನನಗೆ ಮನಸ್ಸೇ ಬರಲಿಲ್ಲ. ಬೇರೆ ಜಾಗವೂ ಇರಲಿಲ್ಲ.

ಬಸ್ ಸ್ಟಾಪ್ ಎಂದರೆ ರಸ್ತೆಯ ಆಚೆ ಒಂದು ಕಂಬ, ಅದರ ಮೇಲೊಂದು ಹಲಗೆ. ಕೂರಲು ಕಲ್ಲಿಲ್ಲ, ನೆರಳಿಲ್ಲ. ದಾಟಲು ಬಿಳಿ ಪಟ್ಟೆಯೂ ಇಲ್ಲ. ಪಟ್ಟೆ ಇರುವ ಸಿಗ್ನಲ್ ಎಲ್ಲಿದೆ ಎಂದು ನೋಡಿದರೆ ಕಣ್ಣಿಗೆ ಕಾಣುವಷ್ಟು ದೂರದಲ್ಲಿ ಇರಲೇ ಇಲ್ಲ. ಈ ಕಡೆ ಇಳಿಸುತ್ತಾರೆ, ಆ ಕಡೆ ಹತ್ತಿಸಿಕೊಳ್ಳುತ್ತಾರೆ, ನಡುವೆ ನೀನು ಹೇಗಾದರೂ ಸಾಯಿ ಎಂದು ಬಿಟ್ಟಿದ್ದಾರೆ. ನನಗೆ ಮೈ ಉರಿದುಹೋಯಿತು. ಹೊಸಪೇಟೆಯ ಫುಟ್‌ಪಾತಿನಲ್ಲಿ ಮಿರ್ಚಿ ಬಂಡಿ, ಹೂವಿನವರು, ಬೈಕುಗಳು ನಿಂತು ನಡೆಯಲು ಜಾಗವಿಲ್ಲ ಎಂದು ನಾನು ಅರ್ಜಿ ಬರೆದವಳು. ನಮ್ಮಲ್ಲಿ ಮಂದಿ ಹೆಚ್ಚಾಗಿ ಜಾಗವಿಲ್ಲ. ಇಲ್ಲಿ ಮಂದಿ ನಡೆಯುತ್ತಾರೆಂಬುದೇ ಯಾರಿಗೂ ಹೊಳೆದಿಲ್ಲ.

ಎಷ್ಟು ಹೊತ್ತು ನಿಂತಿದ್ದೆನೋ. ಒಂದು ನೀಲಿ ಕಾರು ನನ್ನನ್ನು ದಾಟಿ ಹೋಗಿ, ಸ್ವಲ್ಪ ಮುಂದೆ ಹುಲ್ಲಿನ ಮೇಲೆ ನಿಂತಿತು. ಮತ್ತೆ ಯಾರೋ ಕಾರು ಕೆಟ್ಟಿತಾ ಎಂದು ಕೇಳಲು ಬಂದರು ಎಂದುಕೊಂಡೆ. ಇಳಿದವಳು ಅರವತ್ತರ ಆಸುಪಾಸಿನ ಹೆಂಗಸು. ಬಾಗಿಲು ಹಿಡಿದುಕೊಂಡೇ ನಿಂತಿದ್ದಳು, ಮುಖ ಸುಣ್ಣದಂತೆ ಬೆಳ್ಳಗಾಗಿತ್ತು. ನನ್ನ ಮುಖ ನೋಡುತ್ತಿರಲಿಲ್ಲ, ಕೋಟನ್ನು ನೋಡುತ್ತಿದ್ದಳು.

ಸುಧಾಳಿಗೆ ಕಾರು ಹೊಡೆದವಳು ಆಕೆಯೇ ಎಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ನಾನು ಅವಳ ಅಕ್ಕ ಎಂದು ಇಂಗ್ಲಿಷಿನಲ್ಲಿ ಹೇಳಿದೆ. ಬದುಕಿದ್ದಾಳಾ, ನಡೆಯುತ್ತಾಳಾ ಎಂದು ಕೇಳಿದಳು. ಮನೆಗೆ ಹೋಗಬೇಡ ಎಂದು ವಕೀಲರು ತಡೆದಿದ್ದರಂತೆ. ದಿನಾ ಈ ರಸ್ತೆಯಲ್ಲೇ ಹೋಗಬೇಕು, ದಿನಾ ಇಲ್ಲಿ ಬಂದಾಗ ಕಾರು ನಿಧಾನ ಮಾಡುತ್ತೇನೆ ಎಂದು ಅತ್ತಳು. ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ನನ್ನ ತಂಗಿ ಕೈ ಬೀಸಿದಳು ಎಂದು ಪೊಲೀಸರಿಗೆ ಹೇಳಿದ್ದೀರಲ್ಲ, ಹೇಗೆ ಬೀಸಿದಳು, ಮಾಡಿ ತೋರಿಸಿ ಎಂದು ಕೇಳಿದೆ.

ಅವಳು ಕಣ್ಣು ಒರೆಸಿಕೊಂಡು ಬಲಗೈ ಎತ್ತಿದಳು. ಭುಜದ ಮಟ್ಟಕ್ಕೆ, ಬೆರಳು ಸೇರಿಸಿ, ಅಂಗೈ ನನ್ನ ಕಡೆ. ಬೀಸಲಿಲ್ಲ. ಸುಮ್ಮನೆ ಹಿಡಿದಳು.

ನೀವೇನು ಮಾಡಿದಿರಿ ಎಂದೆ.

ಆಕೆ ನಗುತ್ತಿದ್ದಳು, ಒಳ್ಳೆಯ ಹೆಂಗಸು, ನನಗೆ ನಮಸ್ಕಾರ ಮಾಡುತ್ತಿದ್ದಾಳೆ ಅಂದುಕೊಂಡೆ ಎಂದಳು. "ಅದಕ್ಕೇ ನಾನೂ ಕೈ ಎತ್ತಿದೆ."

ನಾನು ಚರಂಡಿಯ ದಂಡೆಯ ಮೇಲೆ ಕೂತುಬಿಟ್ಟೆ.

ಸಂಡೂರಿನ ರಸ್ತೆ

ನಾವು ಚಿಕ್ಕವರಿದ್ದಾಗ ಅಪ್ಪನಿಗೆ ಸಂಡೂರಿನಲ್ಲಿ ಕೆಲಸ. ಮನೆ ರಸ್ತೆಯ ಈ ಕಡೆ, ಶಾಲೆ ಆ ಕಡೆ. ನಡುವೆ ಬೆಳಿಗ್ಗೆಯಿಂದ ಸಂಜೆಯವರೆಗೆ ಅದಿರು ಲಾರಿಗಳು. ಗಿಡದ ಎಲೆ, ಒಣಗಲು ಹಾಕಿದ ಅಂಗಿ, ನಮ್ಮ ಹುಬ್ಬು ಎಲ್ಲಾ ಕೆಂಪು. ಸುಧಾಳನ್ನು ಒಂದನೆಯ ಇಯತ್ತೆಗೆ ಸೇರಿಸಿದ ದಿನ ಅಮ್ಮ ಅವಳ ಕೈಯನ್ನು ನನ್ನ ಕೈಯಲ್ಲಿಟ್ಟಳು. ನನಗೆ ಹನ್ನೆರಡು ವರ್ಷ. ರಸ್ತೆಯ ಅಂಚಿನಲ್ಲಿ ನಿಲ್ಲಿಸಿಕೊಂಡು ಅವಳಿಗೆ ನಾನೇ ಕಲಿಸಿದೆ. ಕೈ ಚಾಚು. ಡ್ರೈವರಿನ ಕಣ್ಣು ನೋಡು. ನಗು, ನಕ್ಕರೆ ಅವರು ಬಯ್ಯುವುದಿಲ್ಲ. ಅವನು ಕೈ ಎತ್ತಿದನೆಂದರೆ ನಡಿ ಎಂದು ಅರ್ಥ, ಆಮೇಲೆ ಹಿಂದೆ ಮುಂದೆ ನೋಡಬೇಡ, ನಿಲ್ಲಬೇಡ, ನೇರ ನಡಿ.

ಅವಳು ನೇರ ನಡೆದಳು.

ಆ ಹೆಂಗಸು ಒಳ್ಳೆಯವಳು, ಸುಧಾ ಒಳ್ಳೆಯವಳು. ಇಬ್ಬರೂ ಮರ್ಯಾದೆಯಿಂದ ಕೈ ಎತ್ತಿದರು. ಅವಳು ಸಾಯಲು ಹೋಗಿರಲಿಲ್ಲ ಎಂದು ಗೊತ್ತಾದದ್ದಕ್ಕೆ ನನಗೆ ಎಷ್ಟು ನೆಮ್ಮದಿಯಾಯಿತೋ, ಹಾಗೆ ದಾಟಲು ಕಲಿಸಿದವಳು ನಾನೇ ಎಂದು ಅಷ್ಟೇ ಸಂಕಟವಾಯಿತು. ಎರಡೂ ಒಟ್ಟಿಗೇ ಬಂದವು, ಯಾವುದಕ್ಕೆ ಅಳುತ್ತಿದ್ದೇನೆ ಎಂದು ಗೊತ್ತಾಗಲಿಲ್ಲ. ಆ ಹೆಂಗಸು ನನ್ನ ಪಕ್ಕ ಒದ್ದೆ ಹುಲ್ಲಿನ ಮೇಲೆ ಕೂತು ಬೆನ್ನು ಸವರಿದಳು. ಆಮೇಲೆ ನನ್ನನ್ನು ಮನೆಯ ತಿರುವಿನವರೆಗೆ ಕಾರಿನಲ್ಲಿ ಬಿಟ್ಟಳು.

ಸುಧಾಳಿಗೆ ಬಾಯಿಂದ ಹೇಳಲಿಲ್ಲ. ಹಾಲ್‌ನ ಆ ತುದಿಗೆ ಹೋಗಿ ನಿಂತು, ನಾನು ಲಾರಿಯವ, ದಾಟು ನೋಡೋಣ ಎಂದೆ. ಅವಳು ತಮಾಷೆ ಎಂದುಕೊಂಡಳು. ಆದರೆ ವಾಕರ್ ಮೇಲಿದ್ದ ಬಲಗೈ ತಾನಾಗಿ ಮೇಲೆದ್ದಿತು, ಅಂಗೈ ಮುಂದಕ್ಕೆ. ಮುಖದಲ್ಲಿ ನಗು ಬಂತು. ನಾನು ಕೈ ಎತ್ತಿದೆ. ಅವಳ ಕಾಲು ಒಂದು ಹೆಜ್ಜೆ ಮುಂದೆ ಬಂದು ಅಲ್ಲೇ ನಿಂತಿತು.

ಅವಳಿಗೆ ಎಲ್ಲಾ ನೆನಪಾಯಿತು ಎಂದು ನಾನು ಹೇಳಲಾರೆ. ಅವಳು ತನ್ನ ಅಂಗೈಯನ್ನು ನೋಡಿಕೊಳ್ಳುತ್ತಾ ನಿಂತಿದ್ದಳು. ಆ ಹೆಂಗಸು ಹೇಳಿದ್ದನ್ನು ಆಗ ಹೇಳಿದೆ. ಅವಳನ್ನು ಸೋಫಾದ ಮೇಲೆ ಕೂಡಿಸಿ, ತಪ್ಪು ನನ್ನದು ಎಂದೆ. ಅದನ್ನು ಅವಳು ಕೇಳಿಸಿಕೊಳ್ಳಲೇ ಇಲ್ಲ.

"ಹಂಗಾರ ಆವತ್ತು ಅಲ್ಲ," ಎಂದಳು. ಹೆಗಲ ಮೇಲಿನ ಮೂಟೆ ಇಳಿಸಿದವಳಂತೆ ಉಸಿರು ಬಿಟ್ಟಳು. "ಆವತ್ತು ಅಲ್ಲ ಅಕ್ಕ."

ಹಾಗಾದರೆ ಬೇರೆ ಯಾವತ್ತಾದರೂ ಸಾಯಬೇಕೆನ್ನಿಸಿತ್ತೇ ಎಂದು ಕೇಳುವ ಧೈರ್ಯ ಇಡೀ ಕಡ್ಡಿರಾಂಪುರ ಶಾಲೆಗೆ ಜೋರುಬಾಯಿಯಾದ ನನಗೆ ಬರಲಿಲ್ಲ. ಅವಳ ತಲೆಯನ್ನು ಮಡಿಲಲ್ಲಿಟ್ಟುಕೊಂಡು ಕೂತೆ.

ಮತ್ತೆ ಏರ್‌ಪೋರ್ಟಿಗೆ

ಗುರುರಾಜನಿಗೆ ಹೇಳಿದಾಗ ಅವನು ಊಟದ ತಟ್ಟೆಯ ಮುಂದೆ ತಲೆ ಹಿಡಿದುಕೊಂಡು ಕೂತ. ನಾನೂ ಸಂಡೂರಿನವನೇ ಅಕ್ಕಾರ, ನನಗ್ಯಾಕ ತಿಳೀಲಿಲ್ಲ ಎಂದು ನಾಲ್ಕು ಸಲ ಅಂದ. ಐದು ವರ್ಷದಿಂದ ಅವನು ರಸ್ತೆಯನ್ನು ಕಾಲ ಮೇಲೆ ದಾಟಿರಲಿಲ್ಲ, ಹೇಗೆ ತಿಳಿಯಬೇಕು? ಆವತ್ತು ಗಂಡ ಹೆಂಡತಿ ಎಷ್ಟೋ ದಿನದ ಮೇಲೆ ಜೋಡಿ ಕೂತು ಉಂಡರು. ಬಸ್ಸಿನ ವಿಷಯಕ್ಕೂ ಅವನು ಬೇಸರಪಡಲಿಲ್ಲ. ಸುಧಾ ಅಂಜಿದ್ದ ನಾಚಿಕೆ ಅವನ ಮುಖದಲ್ಲಿ ಎಲ್ಲೂ ಇರಲಿಲ್ಲ. ಅದನ್ನು ನೋಡಿ ಅವಳು ಇನ್ನೊಂದು ಸಲ ಅತ್ತಳು.

ಆದರೆ ಮಾರನೆಯ ವಾರ ಅವನು ಹಿತ್ತಿಲ ಬಾಗಿಲಿಗೂ ಮುಂಬಾಗಿಲಿಗೂ ಒಂದು ಯಂತ್ರ ಹಾಕಿಸಿದ. ಬಾಗಿಲು ತೆಗೆದರೆ ಅವನ ಫೋನಿಗೆ ತಿಳಿಯುತ್ತದೆ. ಕಾಳಜಿಗೆ ಎಂದ. ಇನ್ನೊಂದು ಸಲ ಏನಾದರೂ ಆದರೆ ತಡೆದುಕೊಳ್ಳುವ ಶಕ್ತಿ ತನಗಿಲ್ಲ ಎಂದ. ಅವಳು ಸಾಯಲು ಹೋಗಿದ್ದಳೆಂದು ತಿಳಿದಿದ್ದಾಗ ಅವನು ಬಾಗಿಲಿಗೆ ಏನೂ ಹಾಕಿಸಿರಲಿಲ್ಲ. ಬಸ್ಸಿಗೆ ಹೋಗಿದ್ದಳೆಂದು ಗೊತ್ತಾದ ಮೇಲೆ ಹಾಕಿಸಿದ. ನಾನು ಜಗಳವಾಡಿದೆ. ಅವನು ಯಂತ್ರವನ್ನು ತೆಗೆಯಲಿಲ್ಲ.

ಸುಧಾಳನ್ನು ನನ್ನ ಜೊತೆ ಬಾ ಎಂದು ಕರೆದೆ. ಗಂಡನನ್ನು ಬಿಟ್ಟು ಹೇಗೆ ಬರಲಿ, ಅವರಿಗೆ ಅನ್ನ ಮಾಡಿಕೊಳ್ಳಲೂ ಬರುವುದಿಲ್ಲ ಎಂದಳು. ಹೊರಡುವ ಹಿಂದಿನ ದಿನ ನನ್ನ ಕೈ ಹಿಡಿದು ಅಂಚೆ ಪೆಟ್ಟಿಗೆಯವರೆಗೆ ನಡೆದಳು. ಯಾರೋ ಕಾರಿನಲ್ಲಿ ಹೋಗುತ್ತಾ ಕೈ ಎತ್ತಿದರು. ನಾವಿಬ್ಬರೂ ಕೈ ಕೆಳಗಿಟ್ಟುಕೊಂಡು ನಿಂತೆವು. ಆ ಕಾರಿನವರು ನಮ್ಮನ್ನು ಸೊಕ್ಕಿನವರು ಎಂದುಕೊಂಡಿರಬೇಕು.

ಕಡ್ಡಿರಾಂಪುರ

ಶಾಲೆ ಶುರುವಾಗಿ ವಾರವಾಯಿತು. ಈಗ ಸುಧಾ ವಾಕರ್ ಬಿಟ್ಟು ನಡೆಯುತ್ತಾಳೆ. ಅಡುಗೆಮನೆಯಿಂದ ಕಾರಿನ ಬಾಗಿಲಿನವರೆಗೆ, ಅಲ್ಲಿಂದ ಮತ್ತೆ ಅಡುಗೆಮನೆಗೆ. ಡಾಕ್ಟರಿಗೆ ಭಾಳ ಖುಷಿಯಾಗಿದೆಯಂತೆ. ಹೊರಗೆ ನಡಿಯೇ ಎಂದು ನಾನು ಫೋನಿನಲ್ಲಿ ಬಯ್ಯುತ್ತೇನೆ. "ಎಲ್ಲಿಗೆ ನಡೀಲಿ ಅಕ್ಕ?" ಎನ್ನುತ್ತಾಳೆ.

ನಮ್ಮ ಶಾಲೆಯ ಮುಂದೆ ಹಂಪಿಗೆ ಹೋಗುವ ರಸ್ತೆ. ಅರ್ಧಕ್ಕರ್ಧ ಮಕ್ಕಳ ಮನೆ ಆಚೆ ಕಡೆ. ಗಂಟೆ ಹೊಡೆದ ಮೇಲೆ ಅವರನ್ನು ಸಾಲು ಮಾಡಿ ದಾಟಿಸುವುದು ಇಪ್ಪತ್ತೆರಡು ವರ್ಷದಿಂದ ನನ್ನ ಕೆಲಸ. ಹೊಸದಾಗಿ ಸೇರಿದವರಿಗೆ ಮೊದಲ ದಿನವೇ ಹೇಗೆ ದಾಟಬೇಕೆಂದು ಹೇಳಿಕೊಡುತ್ತೇನೆ. ಈ ವರ್ಷ ಹೇಳಿಕೊಡಲು ಬಾಯಿ ಬರಲಿಲ್ಲ. ದೊಡ್ಡ ಮಕ್ಕಳೇ ಸಣ್ಣವರಿಗೆ ಕಲಿಸಿಬಿಟ್ಟಿದ್ದಾರೆ.

ನಿನ್ನೆ ಸಂಜೆ ಸಾಲು ರಸ್ತೆಯ ಅಂಚಿಗೆ ಬಂದು ನಿಂತಿತು. ಬೇರೆ ರಾಜ್ಯದ ನಂಬರಿನ ಒಂದು ಬಿಳಿ ಕಾರು ಬರುತ್ತಿತ್ತು. ಮೂವತ್ತು ಮಕ್ಕಳ ಮೂವತ್ತು ಅಂಗೈ ಒಟ್ಟಿಗೆ ಮೇಲೆದ್ದವು, ಮೂವತ್ತು ಮುಖ ನಕ್ಕವು. ಕೈ ಇಳಿಸಿರಿ ಎಂದು ಕೂಗಬೇ​ಕೆನ್ನಿಸಿತು. ಇಳಿಸಿ ಏನು ಮಾಡಲಿ? ಬಿಳಿ ಪಟ್ಟೆ ಇಲ್ಲ, ರಸ್ತೆಗೆ ಉಬ್ಬು ಇಲ್ಲ, ಸಿಗ್ನಲ್ ಇಲ್ಲ. ಅವರ ಹತ್ತಿರ ಇರುವುದು ಆ ಕೈಯೊಂದೇ. ಒಳಗಿದ್ದವನು ಸ್ಟೀರಿಂಗ್ ಮೇಲಿಂದ ಕೈ ಎತ್ತಿದ. ನಿಂತನೋ ಇಲ್ಲವೋ ನೋಡುವ ಮೊದಲೇ ನಾನು ಕಣ್ಣು ಮುಚ್ಚಿದ್ದೆ.

ತೆರೆದಾಗ ಕಾರು ನಿಂತಿತ್ತು, ಮಕ್ಕಳೆಲ್ಲ ಆಚೆ ಇದ್ದರು. ಈಚೆ ಉಳಿದವಳು ನಾನೊಬ್ಬಳೇ. ಈ ವರ್ಷ ಸೇರಿದ ಒಂದು ಪುಟ್ಟ ಹುಡುಗಿ ನನ್ನನ್ನು ನೋಡಿ, ಪಾಪ, ಟೀಚರಿಗೆ ದಾಟಲು ಬರುವುದಿಲ್ಲ ಎಂದುಕೊಂಡಿರಬೇಕು.

"ಬರ್ರಿ ಟೀಚರ್," ಎಂದು ಕರೆಯಿತು. "ಏನೂ ಆಗಂಗಿಲ್ಲ. ಅವರು ಕೈ ಎತ್ಯಾರ."